ಪೊಳ್ಳು ಕಂಬದ ಚರಿತ್ರೆ

ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಓಣಿಗಳಲ್ಲಿ ಮನೆ ಕೆಡವಿ ಅಂಗಡಿ ಎಬ್ಬಿಸುವಾಗ ಎರಡು ಕಾಲದ ಕಂಬಗಳು ಎದುರುಬದುರಾಗುತ್ತವೆ. ಹೊರಗೆ ಬೀಳುವುದು ಪಡಸಾಲೆಯ ಕಟ್ಟಿಗೆ ಕಂಬ. ಒಳಗೆ ಬರುವುದು ಕಾಂಕ್ರೀಟಿನ ಪಿಲ್ಲರ್ ಅಥವಾ ಕೈ ಸ್ವಲ್ಪ ಬಿಗಿಯಿದ್ದರೆ ಕಬ್ಬಿಣದ ಚೌಕ ಪೈಪು. ಬದಲಾವಣೆಗೆ ಕಾರಣಗಳು ಹಲವು. ಒಳ್ಳೆಯ ತೇಗ ಸಿಗದು, ಸಿಕ್ಕರೂ ಕೊಳ್ಳಲಾಗದು. ಗೆದ್ದಲಿನ ಕಾಟ ಬೇರೆ. ಇವುಗಳ ಜೊತೆಗೆ ತಪ್ಪದೆ ಸೇರಿಕೊಳ್ಳುವ ಇನ್ನೊಂದು ಮಾತುಂಟು: ಕಟ್ಟಿಗೆ ಸುಡುತ್ತದೆ, ಕಬ್ಬಿಣ ಸುಡುವುದಿಲ್ಲ, ಆದ್ದರಿಂದ ಹೊಸ ಕಂಬ ಬೆಂಕಿಗೂ ಗಟ್ಟಿ. ಈ ಮಾತಿನ ಮೊದಲರ್ಧ ನಿಜ, ತೀರ್ಮಾನ ಮಾತ್ರ ತಪ್ಪು. ಕಂಬ ತಾನು ಉರಿಯುತ್ತದೆಯೋ ಇಲ್ಲವೋ ಎಂಬುದರಿಂದ ಅದು ಬೆಂಕಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಗೊತ್ತಾಗುವುದಿಲ್ಲ. ಶಾಖ ಅದರ ಒಡಲಿಗೆ ಎಷ್ಟು ನಿಧಾನ ಇಳಿಯುತ್ತದೆ, ಇಳಿದ ಶಾಖವನ್ನು ಹಿಡಿದಿಡಲು ಒಳಗೆ ಏನಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಈ ಊರಿನ ಕಟ್ಟಡಗಳನ್ನು ಹಳೆಯದರಿಂದ ಹೊಸದರವರೆಗೆ ನೋಡುತ್ತ ಬಂದರೆ ಹಿಂದಿನವರು ಕಂಬ, ಗೋಡೆ, ಮಾಳಿಗೆಗಳನ್ನು ಯಾವಾಗಲೂ ದಪ್ಪವಾಗಿ, ತುಂಬಿಸಿ ಕಟ್ಟಿದ್ದು ಕಾಣುತ್ತದೆ. ಖಾಲಿ ಬಿಡುವುದು ಇತ್ತೀಚಿನ ರೂಢಿ.

ಪೇಟೆಯ ಹಳೆಯ ಮನೆಯಿಂದಲೇ ಶುರು ಮಾಡಬಹುದು. ಬಯಲುಸೀಮೆಯ ಈ ಭಾಗದ ಮಾಳಿಗೆ ಮನೆಯಲ್ಲಿ ಕಲ್ಲಿನ ಪೀಠದ ಮೇಲೆ ಕಟ್ಟಿಗೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಸೀಳುಕಟ್ಟಿಗೆ, ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮನೆ ತಂಪಾಗಿರಲಿ ಎಂದು ಹಾಕಿದ ಮಣ್ಣು ಅದು. ಬೆಂಕಿಗೆಂದು ಹಾಕಿದ್ದಲ್ಲವಾದರೂ ಅದು ಬೆಂಕಿ ತಡೆಯುವ ಕೆಲಸವನ್ನೂ ಮಾಡುತ್ತಿತ್ತು. ಪಕ್ಕದ ಹಿತ್ತಿಲಿನ ಬಣವೆಯಿಂದ ಹಾರಿದ ಕಿಡಿ ಮಣ್ಣಿನ ಮಾಳಿಗೆಯ ಮೇಲೆ ಬಿದ್ದರೆ ಅಲ್ಲೇ ಆರುತ್ತದೆ. ಹುಲ್ಲು ಹೊದಿಸಿದ ಸೂರಿನ ಕೇರಿಗಳು ಸಾಲಾಗಿ ಸುಡುವಂತೆ ಮಾಳಿಗೆ ಮನೆಗಳ ಓಣಿ ಸುಡುವುದಿಲ್ಲ. ಮನೆಯೊಳಗೇ ಬೆಂಕಿ ಹತ್ತಿದಾಗಲೂ ದಪ್ಪ ಕಂಬ ತಟಕ್ಕನೆ ಕೈಬಿಡುವುದಿಲ್ಲ. ಕಟ್ಟಿಗೆ ಸುಟ್ಟು ಹೊರಮೈಯಲ್ಲಿ ಇದ್ದಿಲಿನ ಪದರ ಕಟ್ಟಿಕೊಳ್ಳುತ್ತದೆ. ಇದ್ದಿಲು ಶಾಖವನ್ನು ಒಳಗೆ ಬಿಡುವುದರಲ್ಲಿ ಬಹಳ ಜಿಪುಣ. ಗಟ್ಟಿಮರ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಂತೆ ಒಳಗೊಳಗೆ ಸುಡುತ್ತ ಹೋಗುತ್ತದೆ. ಅಡಿಯಗಲದ ಕಂಬವೊಂದು ನಾಲ್ಕೂ ಕಡೆಯಿಂದ ಒಂದು ತಾಸು ಉರಿದರೆ ಪ್ರತಿ ಮೈಯಲ್ಲಿ ಒಂದೂಕಾಲು ಇಂಚಿನಷ್ಟು ಹೋಗುತ್ತದೆ. ಒಂಬತ್ತು ಇಂಚಿಗಿಂತ ಹೆಚ್ಚಿನ ತಿರುಳು ತಣ್ಣಗೆ, ಗಟ್ಟಿಯಾಗಿ ಉಳಿದು ಭಾರ ಹೊತ್ತೇ ಇರುತ್ತದೆ. ಸುಡುವ ವಸ್ತುವೇ ತನ್ನ ಸುಟ್ಟ ಮೈಯಿಂದ ತನ್ನನ್ನು ಕಾಯ್ದುಕೊಳ್ಳುವ ಈ ವಿಚಿತ್ರ ಗುಣ ಸಣ್ಣ ಜಂತಿ, ತೆಳು ಹಲಗೆಗಳಿಗೆ ಒದಗುವುದಿಲ್ಲ. ಅವಕ್ಕೆ ತಿರುಳೇ ಇಲ್ಲ.

ಹಾಗೆಂದು ಮಣ್ಣಿನ ಮಾಳಿಗೆಯನ್ನು ಕೊಂಡಾಡುವುದು ಬೇರೆ ಸಾವುಗಳನ್ನು ಮರೆತಂತೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಕಲ್ಲುಮಣ್ಣಿನ ದಪ್ಪ ಗೋಡೆ ಮತ್ತು ಭಾರದ ಮಾಳಿಗೆಗಳ ಅಡಿಯಲ್ಲೇ. 2009ರ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ನೆನೆದು ಕುಸಿದದ್ದನ್ನು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಹಳೆಯ ಮನೆಗೆ ಹಿಂದಿರುಗಿ ಎಂಬುದು ಇಲ್ಲಿನ ವಾದವಲ್ಲ. ಅದನ್ನು ಬಿಟ್ಟುಕೊಡುವಾಗ ಅದರ ಯಾವ ಗುಣವನ್ನು ಗೊತ್ತಿಲ್ಲದೆಯೇ ಕೈಬಿಟ್ಟೆವು ಎಂಬುದಷ್ಟೇ ಪ್ರಶ್ನೆ.

ಅರಮನೆಗಳ ಸಾಕ್ಷ್ಯವನ್ನು ಓದುವಾಗ ಇನ್ನೂ ಎಚ್ಚರ ಬೇಕು. ಆದಿಲಶಾಹಿಗಳ ಈ ರಾಜಧಾನಿಯಲ್ಲಿ ಇಂದು ನಿಂತಿರುವುದು ಬಹುಪಾಲು ಕಲ್ಲು ಮತ್ತು ಗಚ್ಚು. ಮಸೀದಿ, ಗುಮ್ಮಟ, ರೋಜಾ, ಕೋಟೆಗೋಡೆ ಉಳಿದಿವೆ. ಕಟ್ಟಿಗೆಯ ಕಂಬ ಮತ್ತು ಛಾವಣಿಯನ್ನು ನಂಬಿದ್ದ ಅರಮನೆಗಳು ಬರಿದಾಗಿವೆ. ಒಂದನೆಯ ಅಲಿ ಆದಿಲಶಹನ ಕಾಲದ ಗಗನ ಮಹಲಿನ ದೊಡ್ಡ ಕಮಾನು ಇನ್ನೂ ಇದೆ, ಅದರ ಹಿಂದಿನ ಕಟ್ಟಿಗೆ ಕೆಲಸ ಇಲ್ಲ. ಇದನ್ನು ನೋಡಿ ಬೆಂಕಿ ಬಂತು, ಕಟ್ಟಿಗೆ ಹೋಯಿತು, ಕಲ್ಲು ಗೆದ್ದಿತು ಎಂದು ಬರೆಯುವುದು ಸುಲಭ, ಆದರೆ ಆತುರದ ಮಾತಾದೀತು. 1686ರಲ್ಲಿ ಔರಂಗಜೇಬನ ಕೈಗೆ ಊರು ಹೋದ ಮೇಲೆ ಎರಡು ಶತಮಾನ ಹಾಳುಬಿದ್ದ ನಗರದಲ್ಲಿ ತೊಲೆ-ಕಂಬಗಳು ಬೆಲೆಬಾಳುವ ಸರಕು. ಕಿತ್ತು ಒಯ್ದದ್ದು, ಮಳೆಗೆ ಕೊಳೆತದ್ದು, ಗೆದ್ದಲು ತಿಂದದ್ದು ಇವೆಲ್ಲವನ್ನೂ ಬೆಂಕಿಯ ಲೆಕ್ಕಕ್ಕೆ ಬರೆಯಲಾಗದು. ಇದಕ್ಕೆ ಎದುರು ಸಾಕ್ಷಿಯೂ ಇದೇ ಊರಲ್ಲಿದೆ. ಮಹಮ್ಮದ್ ಆದಿಲಶಹ ಸುಮಾರು 1646ರಲ್ಲಿ ನ್ಯಾಯದಾನಕ್ಕೆಂದು ಕಟ್ಟಿಸಿದ ಆಸಾರ್ ಮಹಲಿನ ಮುಂಭಾಗದ ಛಾವಣಿಯನ್ನು ಎಂಟು ಮೂಲೆಯ ನಾಲ್ಕು ಭಾರೀ ಕಟ್ಟಿಗೆ ಕಂಬಗಳು ಇಂದಿಗೂ ಹೊತ್ತಿವೆ. ಕಟ್ಟಡದ ಎದುರಿಗೇ ನೀರಿನ ಹೊಂಡ. ಒಳಕೋಟೆಯಾದ ಅರಕೆಲ್ಲೆಯೊಳಗಿನ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಪ್ರವಾದಿಯ ಪವಿತ್ರ ಅವಶೇಷವನ್ನು ಇಲ್ಲಿಗೆ ತರಲಾಯಿತೆಂಬುದು ಪರಂಪರೆಯ ಮಾತು. ಆ ಮಾತನ್ನು ಒಪ್ಪಿದರೆ, ಬೆಂಕಿಯ ಪೆಟ್ಟು ಕಂಡವರೇ ಅಮೂಲ್ಯವಾದುದನ್ನು ಮತ್ತೆ ಕಟ್ಟಿಗೆ ಕಂಬದ ಕಟ್ಟಡಕ್ಕೆ ಒಪ್ಪಿಸಿದ್ದಾರೆ. ದಪ್ಪ ಕಂಬದ ಮೇಲೆ ಅವರಿಗೆ ಅಷ್ಟು ಭರವಸೆ ಇದ್ದಿರಬೇಕು, ಅಥವಾ ಹೊಂಡದ ನೀರಿನ ಮೇಲೆ.

ಕಲ್ಲಿನ ಕೆಲಸದಲ್ಲಿ ಈ ವಾದಕ್ಕೆ ಬೇಕಾದ ಸಂಗತಿ ಬೇರೆಯೇ ಇದೆ. ಊರನ್ನು ಸುತ್ತಿದ ಸುಮಾರು ಹತ್ತು ಕಿಲೋಮೀಟರಿನ ಕೋಟೆಗೋಡೆ ಇಡಿಯಾಗಿ ಕಲ್ಲಲ್ಲ. ಹೊರಗೊಂದು ಒಳಗೊಂದು ಕಲ್ಲಿನ ಗೋಡೆ, ನಡುವೆ ಮಣ್ಣು ತುಂಬಿದೆ. ದೊಡ್ಡ ಕಟ್ಟಡಗಳ ಗೋಡೆಗಳಲ್ಲೂ ನೋಟಕ್ಕೆ ಬೀಳುವ ಕಲ್ಲಿನ ಹಿಂದೆ ಒರಟುಕಲ್ಲು ಮತ್ತು ಸುಣ್ಣದ ಗಚ್ಚಿನ ದಪ್ಪ ಒಡಲಿದೆ. ಮಹಮ್ಮದ್ ಆದಿಲಶಹ ತೀರಿಕೊಂಡ 1656ರ ಹೊತ್ತಿಗೆ ಎದ್ದು ನಿಂತ ಗೋಲಗುಮ್ಮಟದ ಗೋಡೆಗಳ ದಪ್ಪ ಸುಮಾರು ಮೂರು ಮೀಟರ್. ಹೊರಗೆ ಗಟ್ಟಿ ಚಿಪ್ಪು, ಒಳಗೆ ಅಗ್ಗದ ಭಾರದ ತುಂಬು. ಕಟ್ಟಿದವರ ಲೆಕ್ಕ ತೋಪಿನ ಗುಂಡಿನದು, ಗುಮ್ಮಟದ ತಳ್ಳಿನದು, ಬೆಂಕಿಯದಲ್ಲ. ಆದರೂ ಈ ಬಗೆಯ ಗೋಡೆಗೆ ಕೋಣೆಯ ಬೆಂಕಿ ಏನೂ ಮಾಡಲಾರದು. ಮೇಲ್ಮೈ ಕಾದು ಕಲ್ಲಿನ ಚಕ್ಕೆ ಉದುರಬಹುದು, ಒಡಲಿಗೆ ಸುದ್ದಿ ಮುಟ್ಟುವ ಮೊದಲೇ ಉರಿಯುವ ಸಾಮಾನು ಮುಗಿದಿರುತ್ತದೆ. ಚಿಪ್ಪು ಮತ್ತು ತುಂಬಿನ ಈ ಜೋಡಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಕ್ಕಿನ ಕೊಳವೆಯ ವಿಚಾರ ಬಂದಾಗ ಅದು ಹೊಸದೆನಿಸುವುದಿಲ್ಲ.

ಪೊಳ್ಳು ಕಂಬ ಬಂದದ್ದು ಕಬ್ಬಿಣದ ಜೊತೆ. ಇಂಗ್ಲೆಂಡಿನಲ್ಲಿ ಅದನ್ನು ಕರೆತಂದದ್ದೇ ಬೆಂಕಿಯ ಭಯ ಎಂಬುದು ಈ ಚರಿತ್ರೆಯ ವ್ಯಂಗ್ಯ. ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿ 1791ರಲ್ಲಿ ಸುಟ್ಟುಹೋಯಿತು. ಮರದ ತೊಲೆ-ಕಂಬಗಳ ನೂಲಿನ ಗಿರಣಿಗಳಿಗೂ ಅದೇ ಗತಿ ಎಂದು ಹೆದರಿದ ಮಾಲೀಕರು ಎರಕದ ಕಬ್ಬಿಣದ ಕಡೆ ತಿರುಗಿದರು. ಶ್ರೂಸ್‌ಬರಿ ಬಳಿಯ ಡಿಥರಿಂಗ್ಟನ್‌ನಲ್ಲಿ ಚಾರ್ಲ್ಸ್ ಬೇಜ್ 1797ರಲ್ಲಿ ಕಂಬ, ತೊಲೆ ಎರಡೂ ಕಬ್ಬಿಣದ್ದೇ ಆದ ಗಿರಣಿ ಕಟ್ಟಿದ. ಮುಂದಿನ ದಶಕಗಳಲ್ಲಿ ಪೊಳ್ಳು ಎರಕದ ಕಂಬ ಗಿರಣಿ, ಗೋದಾಮು, ರೈಲು ನಿಲ್ದಾಣಗಳ ಸಾಮಾನ್ಯ ವಸ್ತುವಾಯಿತು, ಅಂಥ ಕಟ್ಟಡಗಳಿಗೆ ಬೆಂಕಿಗಂಜದವು ಎಂಬ ಬಿರುದೂ ಬಂತು. ಬಿರುದನ್ನು ಒಪ್ಪದವರು ಬೆಂಕಿ ಆರಿಸುವವರು. ಲಂಡನ್ ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಹೊದಿಕೆಯಿಲ್ಲದ ಕಬ್ಬಿಣದ ಕಂಬಗಳ ಕಟ್ಟಡವನ್ನು ನಂಬಲಾಗದೆಂದು ಬಹಿರಂಗವಾಗಿಯೇ ವಾದಿಸಿದ್ದ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ತಗುಲಿದರೆ ಸೀಳುತ್ತದೆ, ಕಟ್ಟಿಗೆಯಂತೆ ಮುನ್ಸೂಚನೆ ಕೊಡುವುದಿಲ್ಲ. 1861ರ ಟೂಲಿ ಸ್ಟ್ರೀಟ್ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಮೈಮೇಲೆ ಬಿದ್ದು ಆತನೇ ಸತ್ತ. ಹತ್ತು ವರ್ಷಗಳ ನಂತರ ಶಿಕಾಗೊ ನಗರ ಸುಟ್ಟಾಗ ಕಬ್ಬಿಣ ಕರಗಿ ಬಾಗಿದ್ದನ್ನು ಎಲ್ಲರೂ ಕಂಡರು. ಕಬ್ಬಿಣದ ಕಂಬಕ್ಕೆ ಸುಟ್ಟಮಣ್ಣಿನ ಕವಚ ತೊಡಿಸುವ ವಿಧಾನವನ್ನು ಪೀಟರ್ ವೈಟ್ ರೂಪಿಸಿದ್ದು ಆ ಬೂದಿಯ ನಂತರವೇ.

ಕರ್ನಾಟಕದಲ್ಲಿ ಇದೇ ಪಾಠದ ಅತಿ ವೈಭವದ ಅಧ್ಯಾಯ ಮೈಸೂರಿನದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಕಟ್ಟಿಗೆ ಅರಮನೆಗೆ ಬೆಂಕಿ ಬಿದ್ದು ಹೋಯಿತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಹೊಸದರ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. 1912ಕ್ಕೆ ಮುಗಿದ ಆ ಕಟ್ಟಡಕ್ಕೆ ತಗುಲಿದ್ದು 41,47,913 ರೂಪಾಯಿ. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೊದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಫೌಂಡ್ರಿಯಿಂದ ಬಂದವು. ಸುಡುವ ಅರಮನೆಯ ಬದಲು ಸುಡದ ಅರಮನೆ ಬೇಕೆಂಬ ಇಚ್ಛೆ ಇಲ್ಲಿ ಸ್ಪಷ್ಟ. ಆ ಕಾಲದ ಎರಕದ ಕಂಬಗಳು ಸಾಮಾನ್ಯವಾಗಿ ಪೊಳ್ಳು. ಅವುಗಳ ಮೇಲೆ ಬ್ರೇಡ್‌ವುಡ್ ಎತ್ತಿದ್ದ ಸಂಶಯ ಅಷ್ಟರಲ್ಲಿ ಹಳೆಯದಾಗಿತ್ತು. ಆದರೂ ಮೈಸೂರಿನ ಆಯ್ಕೆಯನ್ನು ತಪ್ಪೆನ್ನಲಾಗದು. ಕಲ್ಲು, ಇಟ್ಟಿಗೆ, ಕಬ್ಬಿಣದ ಎತ್ತರದ ಮಂಟಪದಲ್ಲಿ ಕಂಬವನ್ನು ಕಾಯಿಸಲು ಉರಿಯುವ ಸಾಮಾನೇ ಕಡಿಮೆ. ಪೊಳ್ಳು ಕಂಬ ಎಲ್ಲಿ ನಿಂತಿದೆ, ಅದರ ಸುತ್ತ ಏನು ಪೇರಿಸಿದ್ದಾರೆ ಎಂಬುದನ್ನು ಬಿಟ್ಟು ಕಂಬವನ್ನಷ್ಟೇ ತೂಗಿದರೆ ತೀರ್ಪು ತಪ್ಪುತ್ತದೆ. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಜಾನ್ ಲ್ಯಾಲಿ ಎಂಬಾತ ಉಕ್ಕಿನ ಕೊಳವೆಯೊಳಗೆ ಕಾಂಕ್ರೀಟ್ ಸುರಿದು ಮಾರಲು ಶುರುಮಾಡಿದ್ದ. ಅವನ ಹೆಸರು ಅಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ಇಂದಿಗೂ ಉಳಿದಿದೆ. ಗ್ಲಾಸ್ಗೊದ ಹೂಬಳ್ಳಿಯ ಕಂಬದ ಮುಂದೆ ಅದು ಬೋಳು ವಸ್ತು, ಬೆಂಕಿಯ ಲೆಕ್ಕದಲ್ಲಿ ಮಾತ್ರ ಜಾಣತನ ಅದರದು.

ವಿಜಯಪುರಕ್ಕೆ ರೈಲು ಬಂದದ್ದು 1884ರಲ್ಲಿ. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಹಳಿಯ ಜೊತೆ ಗರ್ಡರ್, ತಗಡು, ಹತ್ತಿಯ ಜಿನ್ನುಗಳು ಬಂದವು. ಆದರೆ ಪೇಟೆಯ ಮನೆಗಳಿಗೆ ಕಬ್ಬಿಣದ ಕಂಬ ತಲುಪಿದ್ದು ಬಹಳ ತಡವಾಗಿ, ಬೆಸುಗೆಯ ಯಂತ್ರ ಮತ್ತು ಚೌಕ ಪೈಪು ಅಗ್ಗವಾದ ಮೇಲೆ. ಈಗ ಮಹಡಿಯ ಮೇಲಿನ ಪತ್ರಾಸಿನ ಶೆಡ್ಡು, ಅಂಗಡಿಯ ಅಟ್ಟ, ಗೋದಾಮು ಎಲ್ಲವೂ ಅದರ ಮೇಲೆ ನಿಂತಿವೆ. ಕೆಳಗೊಂದು ಪ್ಲೇಟು, ಮೇಲೊಂದು ಪ್ಲೇಟು, ನಡುವೆ ಗಾಳಿ.

ಗಾಳಿ ತುಂಬಿದ ಆ ಕಂಬದ ಲೆಕ್ಕ ಹೀಗಿದೆ. ಬೆಂಕಿ ಪರೀಕ್ಷೆಯ ಅಂತರರಾಷ್ಟ್ರೀಯ ರೂಢಿಯ ಪ್ರಕಾರ ಕುಲುಮೆಯ ಶಾಖ ಐದನೇ ನಿಮಿಷಕ್ಕೆ ಸುಮಾರು 575 ಡಿಗ್ರಿ, ಅರ್ಧ ತಾಸಿಗೆ 840, ಒಂದು ತಾಸಿಗೆ 945 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಭಾರತದ ಉಕ್ಕಿನ ಸಂಹಿತೆ ಐಎಸ್ 800ರ 2007ರ ಆವೃತ್ತಿ 215 ಡಿಗ್ರಿಯವರೆಗೆ ಉಕ್ಕಿನ ಬಲ ಕುಗ್ಗದೆಂದು ಹಿಡಿದು, ಅಲ್ಲಿಂದ ನೇರ ಇಳಿಸುತ್ತ 905 ಡಿಗ್ರಿಗೆ ಸೊನ್ನೆ ಎನ್ನುತ್ತದೆ. 550 ಡಿಗ್ರಿಗೆ ಅರ್ಧ ಬಲವಷ್ಟೇ ಉಳಿಯುತ್ತದೆ. ತೆಳುಗೋಡೆಯ ಖಾಲಿ ಪೈಪು ಆ ಮಟ್ಟಕ್ಕೆ ಕಾಯಲು ಕಾಲು ತಾಸು, ಹೆಚ್ಚೆಂದರೆ ಇಪ್ಪತ್ತು ನಿಮಿಷ ಸಾಕು. ನೀರಿಲ್ಲದ ಗಡಿಗೆಯನ್ನು ಒಲೆಯ ಮೇಲಿಟ್ಟಂತೆ, ಬಂದ ಶಾಖಕ್ಕೆ ಹೋಗಲು ಬೇರೆಡೆ ಇಲ್ಲ. 100 ಮಿಲಿಮೀಟರ್ ಚೌಕದ, 4 ಮಿಲಿಮೀಟರ್ ದಪ್ಪದ ಪೈಪಿನ ಒಂದು ಮೀಟರಿನಲ್ಲಿ ಇರುವುದು ಸುಮಾರು 12 ಕಿಲೋ ಉಕ್ಕು. ಅದರ ಹೊಟ್ಟೆಗೆ ಕಾಂಕ್ರೀಟ್ ತುಂಬಿದರೆ ಮೀಟರಿಗೆ 20 ಕಿಲೋ ಸೇರುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಕಾಂಕ್ರೀಟ್ ಉಕ್ಕಿನ ಎರಡರಷ್ಟರ ಹತ್ತಿರ ಶಾಖ ಹಿಡಿಯುತ್ತದೆ. ಅಂದರೆ ತುಂಬಿದ ಕಂಬವನ್ನು ಅಷ್ಟೇ ಕಾಯಿಸಲು ಖಾಲಿ ಕಂಬದ ಸುಮಾರು ನಾಲ್ಕರಷ್ಟು ಶಾಖ ಬೇಕು. ಮೇಲಾಗಿ ಕಾಂಕ್ರೀಟಿನೊಳಗೆ ಶಾಖ ಹರಿಯುವುದೇ ನಿಧಾನ.

ತುಂಬಿದ ಕಂಬ ಬೆಂಕಿಯಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ. ಮೊದಲು ಕಾಯುವುದು ಹೊರಗಿನ ಉಕ್ಕು. ಕಾದದ್ದು ಉದ್ದವಾಗುತ್ತದೆ. ಮೂರು ಮೀಟರಿನ ಕಂಬ ಐನೂರು ಡಿಗ್ರಿ ಏರಿದರೆ 18 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒಳಗಿನ ಕಾಂಕ್ರೀಟ್ ಇನ್ನೂ ತಣ್ಣಗಿರುವುದರಿಂದ ಮೇಲಿನ ಭಾರವೆಲ್ಲ ಕೆಲಹೊತ್ತು ಉಕ್ಕಿನ ಮೇಲೆಯೇ ಬೀಳುತ್ತದೆ. ಇಪ್ಪತ್ತು-ಮೂವತ್ತು ನಿಮಿಷಕ್ಕೆ ಉಕ್ಕು ಸೋತು ಕುಗ್ಗಿದಾಗ ಭಾರ ತಿರುಳಿಗೆ ದಾಟುತ್ತದೆ. ಅಲ್ಲಿಂದಾಚೆ ಉಕ್ಕಿನ ಕೆಲಸ ಕಾಂಕ್ರೀಟಿನ ಚಕ್ಕೆ ಉದುರದಂತೆ ಹಿಡಿದಿಡುವುದಷ್ಟೇ. ಬರೀ ಕಾಂಕ್ರೀಟಿನ ಕಂಬಕ್ಕೆ ಈ ಅನುಕೂಲವಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಲೀ ಮತ್ತು ಕೊಡೂರ್ ಮುಂತಾದವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಡೆಸಿದ ಕುಲುಮೆ ಪರೀಕ್ಷೆಗಳು ಇದನ್ನು ಅಂಕಿಗಳಲ್ಲಿ ತೋರಿಸಿದವು: ಸಾದಾ ಕಾಂಕ್ರೀಟ್ ತುಂಬಿದ ಕಂಬಗಳು ಒಂದರಿಂದ ಎರಡು ತಾಸು, ಒಳಗೆ ಸರಳು ಅಥವಾ ಉಕ್ಕಿನ ನಾರು ಸೇರಿಸಿದವು ಮೂರು ತಾಸಿನವರೆಗೂ, ಹೊರಗೆ ಯಾವ ಬಣ್ಣ, ಗಿಲಾವಿನ ಕವಚವೂ ಇಲ್ಲದೆ ನಿಲ್ಲಬಲ್ಲವು.

ಈ ವಿಧಾನದ ಮೇಲೆ ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಉಗಿ. ಕಾಂಕ್ರೀಟಿನೊಳಗೆ ಯಾವಾಗಲೂ ನೀರಿನಂಶ ಇರುತ್ತದೆ, ನೀರು ಉಗಿಯಾದರೆ ಸಾವಿರದೇಳುನೂರು ಪಟ್ಟು ಹಿಗ್ಗುತ್ತದೆ. ಎರಡೂ ತುದಿಗೆ ಪ್ಲೇಟು ಬೆಸೆದು ಮುಚ್ಚಿದ ಕೊಳವೆ ಬೆಂಕಿಯಲ್ಲಿ ಸಿಡಿಯಬಲ್ಲದು. ತೂತಿಲ್ಲದೆ ತುಂಬಿದ ಕಂಬ ಖಾಲಿ ಕಂಬಕ್ಕಿಂತ ಅಪಾಯಕಾರಿ ಎಂದರೂ ತಪ್ಪಲ್ಲ. ಯುರೋಪಿನ ಸಂಹಿತೆ ಪ್ರತಿ ಮಹಡಿಯಲ್ಲಿ ಕಂಬದ ಮೇಲೊಂದು ಕೆಳಗೊಂದು ಕನಿಷ್ಠ 20 ಮಿಲಿಮೀಟರಿನ ತೂತು ಕೇಳುವುದು ಇದಕ್ಕೇ. ಎರಡನೆಯದು ಗಾತ್ರ. ಪರೀಕ್ಷೆಗಳು ನಡೆದದ್ದು ಹೆಚ್ಚಾಗಿ ದೊಡ್ಡ ಕೊಳವೆಗಳ ಮೇಲೆ. ನಾಲ್ಕು ಇಂಚಿನ ಸಪೂರ ಪೈಪಿಗೆ ಕಾಂಕ್ರೀಟ್ ಸುರಿದು ಎರಡು ತಾಸಿನ ಭರವಸೆ ಪಡೆಯಲಾಗದು, ತಾಳುವ ಹೊತ್ತು ಹೆಚ್ಚುತ್ತದೆ ಎಂದಷ್ಟೇ ಹೇಳಬಹುದು. ಹಾಗಿದ್ದರೆ ಸಾದಾ ಕಾಂಕ್ರೀಟ್ ಪಿಲ್ಲರೇ ಸಾಕಲ್ಲ ಎಂಬ ಮಾತು ಬರುತ್ತದೆ. ಜಾಗವಿದ್ದಲ್ಲಿ ಹೌದು, ಸಾಕು. ಐಎಸ್ 456ರ ಕೋಷ್ಟಕದಲ್ಲಿ ಎಲ್ಲ ಮೈಯೂ ಬೆಂಕಿಗೆ ಒಡ್ಡಿದ ಕಂಬ ಒಂದು ತಾಸಿಗೆ 200, ಎರಡು ತಾಸಿಗೆ 300 ಮಿಲಿಮೀಟರ್ ಅಗಲ ಇರಬೇಕು. ಪೇಟೆಯ ಒಂಬತ್ತಡಿ ಅಗಲದ ಅಂಗಡಿಯಲ್ಲಿ ಅಡಿಯಗಲದ ಪಿಲ್ಲರಿಗೆ ಮಾಲೀಕ ಒಪ್ಪುವುದಿಲ್ಲ. ಪೈಪು ಬರುವುದೇ ಆ ಬಾಗಿಲಿನಿಂದ.

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ಬಲವಾದದ್ದು: ಬೆಂಕಿಯಲ್ಲಿ ಜನ ಸಾಯುವುದು ಹೊಗೆಯಿಂದ, ಕಂಬ ಮುರಿದಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಪ್ರಾಣ ಕಳೆದುಕೊಂಡರು, ಕಟ್ಟಡ ಮಾತ್ರ ನಿಂತೇ ಇತ್ತು. ಮೆಟ್ಟಿಲು ತೆರೆದಿರುವುದು, ಹೊಗೆಗೆ ದಾರಿ ಇರುವುದು ಕಂಬಕ್ಕಿಂತ ಮೊದಲು ಬರಬೇಕು ಎಂಬುದನ್ನು ಒಪ್ಪಲೇಬೇಕು. ಆದರೆ ಕಂಬದ ಹೊತ್ತು ಒಳಗಿದ್ದವರಿಗಷ್ಟೇ ಅಲ್ಲ, ಒಳಗೆ ಹೋಗುವವರಿಗೂ ಬೇಕು. ಅಗ್ನಿಶಾಮಕದವರ ಗಾಡಿ ಪೇಟೆಯ ಇಕ್ಕಟ್ಟಿನ ಓಣಿಗೆ ನುಗ್ಗಿ, ಪೈಪು ಬಿಚ್ಚಿ, ಒಳಗೆ ಕಾಲಿಡುವಷ್ಟರಲ್ಲಿ ಕಾಲು ತಾಸು ಕಳೆದಿರುತ್ತದೆ. ಖಾಲಿ ಕಂಬ ಸೋಲುವ ಹೊತ್ತೂ ಅದೇ. ಬ್ರೇಡ್‌ವುಡ್‌ನ ತಕರಾರು ಇದೇ ಆಗಿತ್ತು.

ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ದ್ರಾಕ್ಷಿ ಬೆಳೆ ಹಬ್ಬಿದಂತೆ ಈ ಪ್ರಶ್ನೆ ಪೇಟೆಯಿಂದ ಹೊಲಕ್ಕೂ ಹೋಗಿದೆ. ಒಣದ್ರಾಕ್ಷಿಯ ಬಯಲು ಶೆಡ್ಡು ಗಾಳಿಗೆ ತೆರೆದಿರುತ್ತದೆ. ಅಲ್ಲಿ ಬಲೆ, ಪ್ಲಾಸ್ಟಿಕ್ ಹಾಳೆ ಉರಿದರೂ ಶಾಖ ಹೊರಗೆ ಹೋಗುತ್ತದೆ, ಜನ ಓಡಲು ನಾಲ್ಕೂ ದಿಕ್ಕಿದೆ. ಅಂಥ ಕಡೆ ಖಾಲಿ ಪೈಪನ್ನು ದೂರುವುದು ಅತಿಯಾದೀತು. ಗಂಧಕದ ಹೊಗೆ ಹಾಕುವ ಮುಚ್ಚಿದ ಕೋಣೆ, ರಟ್ಟಿನ ಪೆಟ್ಟಿಗೆ ಪೇರಿಸುವ ಗೋದಾಮು, ಉರಿಯುವ ನೊರೆಹಲಗೆಯ ಗೋಡೆಗಳ ನಡುವೆ ಉಕ್ಕಿನ ಕಂಬ ನಿಂತ ಶೀತಲಗೃಹ ಇವು ಬೇರೆ. ಅಲ್ಲಿ ಶಾಖ ಹೊರಹೋಗಲಾರದು, ಉರಿಯುವ ಸಾಮಾನಿಗೂ ಕೊರತೆ ಇಲ್ಲ. ಉಕ್ಕು-ಕಾಂಕ್ರೀಟು ಬೆರೆತ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 11384 ತನ್ನ 2022ರ ಪರಿಷ್ಕರಣೆಯಲ್ಲಿ ತುಂಬಿದ ಕೊಳವೆ ಕಂಬಗಳನ್ನೂ ಒಳಗೊಂಡಿದೆ, ಆದ್ದರಿಂದ ಲೆಕ್ಕ ಹಾಕಿಕೊಡಲು ಎಂಜಿನಿಯರರಿಗೆ ದೇಶದೊಳಗಿನ ಆಧಾರವೇ ಇದೆ. ಖರ್ಚೂ ದೊಡ್ಡದಲ್ಲ. ಮೇಲೆ ಲೆಕ್ಕ ಹಾಕಿದ ಚೌಕ ಪೈಪಿನ ಮೂರು ಮೀಟರಿನ ಕಂಬಕ್ಕೆ ಹಿಡಿಸುವುದು 25 ಲೀಟರ್ ಕಾಂಕ್ರೀಟ್, ಎರಡು ಬಕೀಟಿನ ಮಾತು. ಸಣ್ಣ ಖಡಿ, ಉಸುಕು, ಸಿಮೆಂಟು ಗೌಂಡಿಯ ಬಳಿ ಹೇಗೂ ಇರುತ್ತವೆ. ಕಟ್ಟಿಸುವವರು ಮೇಲಿನ ಪ್ಲೇಟು ಬೆಸೆಯುವ ಮೊದಲೇ ಎಂಜಿನಿಯರರನ್ನು ಕೇಳಿ ಪೈಪನ್ನು ತುಂಬಿಸಲಿ, ಕೆಳಗೊಂದು ಮೇಲೊಂದು ಉಗಿಯ ತೂತು ಕೊರೆಸಲಿ. ಬಣ್ಣ ಬಳಿಯುವಾಗ ಆ ತೂತುಗಳನ್ನು ಮುಚ್ಚದಂತೆ ನೋಡಿಕೊಳ್ಳಲಿ.